ಜಾಹೀರಾತಿಗೆ ಮೊದಲು ಏನನ್ನು, ಯಾರನ್ನು, ಹೇಗೆ ಕೇಳಬೇಕು: ಕಾಫಿ ಪುಡಿಯ ಲೆಕ್ಕದಲ್ಲಿ

ಹಾಸನದ ಕಡೆಯ ಸಣ್ಣ ಕಾಫಿ ಪುಡಿ ಘಟಕವೊಂದು ದಾವಣಗೆರೆ ಮತ್ತು ಹುಬ್ಬಳ್ಳಿಯಲ್ಲಿ ಮಾರಾಟಕ್ಕೆ ಇಳಿಯಲಿದೆ ಅಂತಿಟ್ಟುಕೊಳ್ಳಿ. ಜಾಹೀರಾತಿಗೆ ದುಡ್ಡು ತೆಗೆದಿಟ್ಟಿದೆ. ಮೊದಲು ಒಂದು ಹಾಳೆ ತೆಗೆದುಕೊಂಡು ತೀರ್ಮಾನಗಳನ್ನು ಬರೆಯಿರಿ: ಯಾರಿಗೆ ಹೇಳಬೇಕು, ಯಾವ ಒಂದು ಮಾತು ಹೇಳಬೇಕು, ಎಲ್ಲಿ ಹಾಕಬೇಕು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ‘ಉತ್ತರ ಹೀಗೆ ಬಂದರೆ ಇದನ್ನು ಮಾಡುತ್ತೇವೆ, ಹಾಗೆ ಬಂದರೆ ಅದನ್ನು’ ಎಂದು ಇರಲಿ. ಎರಡೂ ಉತ್ತರಕ್ಕೆ ಒಂದೇ ಜಾಹೀರಾತು ಬರುವುದಾದರೆ ಆ ಪ್ರಶ್ನೆ ಹೊಡೆದುಹಾಕಿ. ಅರ್ಧ ಪ್ರಶ್ನಾವಳಿ ಇಲ್ಲೇ ಉದುರುತ್ತದೆ.

ಈಗಾಗಲೇ ಇರುವ ಅಂಕಿಗಳು

ಪತ್ರಿಕೆಯ ಜಾಹೀರಾತು ಪ್ರತಿನಿಧಿ ಹಿಡಿದು ಬರುವ ಅಂಕಿ ಎರಡು ಬಗೆಯದು. ಎಬಿಸಿ (ಪತ್ರಿಕೆಗಳ ಪ್ರಸಾರವನ್ನು ಪರಿಶೀಲಿಸುವ ಸಂಸ್ಥೆ) ಲೆಕ್ಕ ಹಾಕುವುದು ಪ್ರಸಾರವನ್ನು, ಅಂದರೆ ಮಾರಾಟವಾದ ಪ್ರತಿಗಳನ್ನು, ಆರು ತಿಂಗಳಿಗೊಮ್ಮೆ. ಐಆರ್‌ಎಸ್ (ಭಾರತೀಯ ಓದುಗರ ಸಮೀಕ್ಷೆ) ಹೇಳುವುದು ಓದುಗರ ಸಂಖ್ಯೆ. ಒಂದು ಪ್ರತಿಯನ್ನು ಮನೆಯ ನಾಲ್ವರು ಓದಿದರೆ ನಾಲ್ಕು. ಒಂದು ಪತ್ರಿಕೆಯ ಪ್ರಸಾರವನ್ನು ಇನ್ನೊಂದರ ಓದುಗರ ಸಂಖ್ಯೆಯ ಜೊತೆ ಹೋಲಿಸಬೇಡಿ. ಇಡೀ ರಾಜ್ಯದ ಅಂಕಿ ಬೇಡ, ಹುಬ್ಬಳ್ಳಿ ಆವೃತ್ತಿಯದ್ದು ಕೊಡಿ ಅನ್ನಿ. ವರ್ಷವನ್ನೂ ನೋಡಿ: 2019ರ ಐಆರ್‌ಎಸ್ ಅಂಕಿ ಇಟ್ಟುಕೊಂಡು ಇಂದಿನ ಓದುಗರನ್ನು ಎಣಿಸಲಾಗದು.

ಎದುರಾಳಿಗಳು ಈಗ ಏನು ಹೇಳುತ್ತಿದ್ದಾರೆ ಅನ್ನುವುದು ಫೇಸ್‌ಬುಕ್ ನಡೆಸುವ ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ. ಜನ ಏನನ್ನು ಹುಡುಕುತ್ತಿದ್ದಾರೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನ 0ರಿಂದ 100ರ ಸಂಖ್ಯೆ ಹುಡುಕಾಟದ ಎಣಿಕೆಯಲ್ಲ, ಬರೀ ಹೋಲಿಕೆ. ಸಣ್ಣ ಊರಿಗೆ 0 ತೋರಿಸಿದರೆ ಅಲ್ಲಿ ಯಾರೂ ಹುಡುಕಿಲ್ಲ ಅಂತಲ್ಲ.

ಅಂಗಡಿ ಮುಂದೆ, ಅಡುಗೆಮನೆಯಲ್ಲಿ

ದುಡ್ಡು ಕಡಿಮೆಯಿದ್ದರೆ ಉಳಿದೆಲ್ಲ ಬಿಟ್ಟು ಇದೊಂದನ್ನು ಮಾಡಿ. ಕಿರಾಣಿ ಅಂಗಡಿಯಲ್ಲಿ ಮಾಲೀಕರ ಒಪ್ಪಿಗೆ ಪಡೆದು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನಿಲ್ಲಿ. ಪ್ರತಿ ಗಿರಾಕಿಗೆ ಒಂದು ಸಾಲು: ಹೆಸರು ಹೇಳಿ ಕೇಳಿದರೋ, ಬರೀ ‘ಕಾಫಿ ಪುಡಿ’ ಅಂದರೋ, 50 ಗ್ರಾಂ, 100 ಗ್ರಾಂ, 200 ಗ್ರಾಂ ಯಾವುದು, ಪ್ಯಾಕೆಟ್ ತಿರುಗಿಸಿ ನೋಡಿದರೋ, ಕೇಳಿದ್ದು ಇಲ್ಲದಾಗ ಬೇರೆಯದು ತಗೊಂಡರೋ, ವಾಪಸ್ ಹೋದರೋ. ತಿಂಗಳ ಮೊದಲ ವಾರ ಮತ್ತು ಕೊನೆಯ ವಾರ ಎರಡರಲ್ಲೂ ನಿಲ್ಲಬೇಕು, ಸಂಬಳದ ವಾರದ ಖರೀದಿಯೇ ಬೇರೆ. ‘ಎಲ್ಲರೂ ಇದನ್ನೇ ಕೇಳ್ತಾರೆ’ ಎಂಬ ಅಂಗಡಿಯವರ ಮಾತನ್ನು ಬರೆದುಕೊಳ್ಳಿ, ಆದರೆ ಯಾವುದರಲ್ಲಿ ಅವರಿಗೆ ಮಾರ್ಜಿನ್ ಹೆಚ್ಚು ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

ಆಮೇಲೆ 12ರಿಂದ 15 ಮನೆ. ದಿನಾ ಮಾಡುವ ಹಾಗೆಯೇ ಕಾಫಿ ಮಾಡಿ ತೋರಿಸಲು ಕೇಳಿ, ನಡುವೆ ಬಾಯಿ ಹಾಕಬೇಡಿ. ಪುಡಿ ಸ್ಟೀಲ್ ಡಬ್ಬಿಯಲ್ಲಿರುತ್ತದೆ, ಪ್ಯಾಕೆಟ್ ಕಸಕ್ಕೆ ಹೋಗಿರುತ್ತದೆ. ಬಾಯಲ್ಲಿ ಹೇಳಿದ ಬ್ರ್ಯಾಂಡೇ ಡಬ್ಬಿಯಲ್ಲೂ ಇದೆ ಎಂಬ ಖಾತ್ರಿಯಿಲ್ಲ. ಖಾಲಿ ಪ್ಯಾಕೆಟ್ ಇದ್ದರೆ ನೋಡಿ. ಚಿಕೋರಿ ವಿಷಯದಲ್ಲಿ ಈ ಅಂತರ ದೊಡ್ಡದು. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು, ಪ್ರಮಾಣವನ್ನು ಪ್ಯಾಕೆಟ್ ಮೇಲೆ ಹಾಕಿರಬೇಕು ಎಂಬುದು ನಿಯಮ. ‘ಶುದ್ಧ ಕಾಫಿಯೇ ಬೇಕು’ ಅನ್ನುವವರ ಮನೆಯಲ್ಲೂ 70:30ರ (ಕಾಫಿ 70, ಚಿಕೋರಿ 30) ಪುಡಿ ಸಿಗಬಹುದು, ಏಕೆಂದರೆ ಡಿಕಾಕ್ಷನ್ನಿನ ಕಪ್ಪು ಬಣ್ಣ, ದಪ್ಪ ಚಿಕೋರಿಯಿಂದ ಬರುತ್ತದೆ. ಬಾಯಿಮಾತನ್ನೇ ನಂಬಿ ‘100 ಶೇಕಡಾ ಶುದ್ಧ’ ಎಂದು ಜಾಹೀರಾತು ಕೊಟ್ಟರೆ ಮೊದಲ ಪ್ಯಾಕೆಟ್ ಮಾರಾಟವಾಗುತ್ತದೆ, ‘ಡಿಕಾಕ್ಷನ್ ನೀರು ನೀರು’ ಎಂಬ ದೂರಿನೊಂದಿಗೆ ಎರಡನೆಯದು ಅಂಗಡಿಯಲ್ಲೇ ಉಳಿಯುತ್ತದೆ.

ಗುಂಪು ಚರ್ಚೆ ಮಾಡುವುದಾದರೆ 6ರಿಂದ 8 ಜನ, ಒಂದೂವರೆ ಗಂಟೆ, ಪ್ರತಿ ವರ್ಗಕ್ಕೆ ಕನಿಷ್ಠ ಎರಡು ಗುಂಪು. ಅತ್ತೆ-ಸೊಸೆಯನ್ನು ಒಟ್ಟಿಗೆ ಕೂರಿಸಿದರೆ ಒಬ್ಬರ ಉತ್ತರವಷ್ಟೇ ಸಿಗುತ್ತದೆ. ಕಂಪನಿ ಮಾಲೀಕರು ಒಳಗಿರಬಾರದು. ಗುಂಪಿನಿಂದ ಜನರಾಡುವ ಮಾತು ಸಿಗುತ್ತದೆ. ‘8ರಲ್ಲಿ 6 ಜನ ಹೇಳಿದರು’ ಎಂದು ಶೇಕಡಾ ತೆಗೆಯುವುದು ಮೋಸ.

ಸಮೀಕ್ಷೆ

100 ಜನರನ್ನು ಕೇಳಿದರೆ ಉತ್ತರ ಸುಮಾರು 10 ಶೇಕಡಾ ಅಂಶ ಆಚೀಚೆ ಇರಬಹುದು, 400 ಜನರಿಗೆ 5 ಅಂಶ. ಎರಡು ಊರುಗಳ ಉತ್ತರ ಬೇರೆ ಬೇರೆಯಾಗಿ ಬೇಕಿದ್ದರೆ ಆ 400 ಒಂದೊಂದು ಊರಿಗೂ ಬೇಕು. ಈ ಲೆಕ್ಕ ನಿಲ್ಲುವುದು ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿದಾಗ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಫಾರ್ಮ್ ಹಂಚಿದರೆ 2,000 ಉತ್ತರ ಬಂದರೂ ಅದು ನಿಮ್ಮ ಬಳಗದ ಅಭಿಪ್ರಾಯ.

ವಾರ್ಡ್‌ಗಳನ್ನು ಚೀಟಿ ಎತ್ತಿ ಆರಿಸಿ. ಒಂದು ಮೂಲೆಯಿಂದ ಹೊರಟು ಬಲಗೈ ಸಾಲು ಹಿಡಿದು ಪ್ರತಿ ಐದನೇ ಮನೆ. ಬಾಗಿಲು ತೆರೆದವರನ್ನಲ್ಲ, ಪುಡಿ ಕೊಳ್ಳುವವರನ್ನು ಮಾತಾಡಿಸಬೇಕು. ಬೀಗ ಹಾಕಿದ್ದರೆ ಸಂಜೆ ಅಥವಾ ಭಾನುವಾರ ಮತ್ತೆರಡು ಸಲ ಹೋಗಿ. ಪಕ್ಕದ ಮನೆಗೆ ನುಗ್ಗಿದರೆ ಕೆಲಸಕ್ಕೆ ಹೋಗುವವರೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ಮೊದಲ ಪ್ರಶ್ನೆ: ‘ಕಾಫಿ ಪುಡಿ ಅಂದ ಕೂಡಲೆ ಯಾವ ಹೆಸರು ನೆನಪಾಗುತ್ತೆ?’ ಹೆಸರುಗಳ ಪಟ್ಟಿ ತೋರಿಸುವುದು ಆಮೇಲೆ; ಮೊದಲೇ ತೋರಿಸಿದರೆ ನೆನಪಿನ ಪರೀಕ್ಷೆ ಕೆಟ್ಟಿತು. ‘ರುಚಿ ಮತ್ತು ಬೆಲೆ ಒಪ್ಪಿಗೆಯೇ?’ ಎರಡು ಪ್ರಶ್ನೆ, ಒಡೆಯಿರಿ. ‘ಹೊಸ ಪುಡಿ ಬಂದರೆ ಕೊಳ್ಳುತ್ತೀರಾ?’ ಅಂದರೆ ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ಹೂಂ ಅನ್ನುತ್ತಾರೆ. ಕಳೆದ ಸಲ ಯಾವಾಗ, ಎಲ್ಲಿ, ಎಷ್ಟು ಗ್ರಾಂ ತಗೊಂಡಿರಿ ಎಂದು ಕೇಳಿ. ಪ್ರಶ್ನಾವಳಿಯನ್ನು ಹುಬ್ಬಳ್ಳಿಯವರೇ ಜೋರಾಗಿ ಓದಿ ನೋಡಲಿ. ‘ಖರೀದಿಸುವ ಆವರ್ತನ’ ಅಂತ ಯಾವ ಅಡುಗೆಮನೆಯಲ್ಲೂ ಮಾತಾಡುವುದಿಲ್ಲ. 20 ಮನೆಗಳಲ್ಲಿ ಪ್ರಯೋಗ ಮಾಡಿ ತಿದ್ದಿ, 10 ನಿಮಿಷ ಮೀರಿದರೆ ಕತ್ತರಿಸಿ. ತುಂಬಿ ಬಂದ ಫಾರ್ಮ್‌ಗಳಲ್ಲಿ ಹತ್ತಕ್ಕೊಂದು ಮನೆಗೆ ಫೋನ್ ಮಾಡಿ. ಮರದ ಕೆಳಗೆ ಕೂತು ತುಂಬಿದವು ಆಗ ಸಿಕ್ಕಿಬೀಳುತ್ತವೆ.

ಕರಡು ಜಾಹೀರಾತಿನ ಪರೀಕ್ಷೆ

ಎರಡು ಕರಡುಗಳನ್ನು ಒಬ್ಬರಿಗೇ ತೋರಿಸಿ ‘ಯಾವುದು ಚೆಂದ’ ಅಂದರೆ ಅವರು ವಿಮರ್ಶಕರಾಗುತ್ತಾರೆ. ಒಂದೊಂದನ್ನೂ ಬೇರೆ ಬೇರೆ ಜನರಿಗೆ ತೋರಿಸಿ. ನಿಜವಾದ ಪತ್ರಿಕೆಯ ಪುಟದಲ್ಲಿ, ಬೇರೆ ಜಾಹೀರಾತುಗಳ ನಡುವೆ ಅಂಟಿಸಿ ಓದಲು ಕೊಡಿ, ಎರಡು ನಿಮಿಷಕ್ಕೆ ವಾಪಸ್ ತಗೊಂಡು ಏನು ನೆನಪಿದೆ, ಯಾರದ್ದು, ಏನು ಹೇಳಿದರು ಎಂದು ಕೇಳಿ. ಚಿತ್ರದ ನಟಿ ನೆನಪಿದ್ದು ಪುಡಿಯ ಹೆಸರು ಮರೆತಿದ್ದರೆ ಕರಡು ಸೋತಂತೆ.

ಆನ್‌ಲೈನ್ ಪರೀಕ್ಷೆಯಲ್ಲಿ ಆತುರವೇ ಶತ್ರು. ಕ್ಲಿಕ್ ಪ್ರಮಾಣ (ನೋಡಿದವರಲ್ಲಿ ಒತ್ತಿದವರ ಪಾಲು) 1 ಶೇಕಡಾದಿಂದ 1.5ಕ್ಕೆ ಏರಿತೇ ಎಂದು ನಂಬಲು ಪ್ರತಿ ಕರಡಿಗೆ ಸುಮಾರು 8,000 ಜನ ಬೇಕು, 1ರಿಂದ 1.2ಕ್ಕಾದರೆ 40,000 ದಾಟುತ್ತದೆ. ಶೀರ್ಷಿಕೆ ಬದಲಿಸಿದರೆ ಚಿತ್ರ ಬದಲಿಸಬೇಡಿ. ಜಾಹೀರಾತು ಹಾಕುವ ವೇದಿಕೆಯ ಎ/ಬಿ ಪರೀಕ್ಷೆಯ (ಎರಡು ಕರಡುಗಳನ್ನು ಒಂದೇ ಬಗೆಯ ಜನರಿಗೆ ಹಂಚಿ ಹೋಲಿಸುವ) ಸೌಲಭ್ಯವನ್ನೇ ಬಳಸಿ. ಸುಮ್ಮನೆ ಎರಡು ಜಾಹೀರಾತು ಬಿಟ್ಟರೆ ವೇದಿಕೆ ಅವನ್ನು ಬೇರೆ ಬೇರೆ ಬಗೆಯ ಜನರಿಗೆ ಕಳಿಸುತ್ತದೆ.

‘ನಂ. 1’ ಎಂದು ಬರೆಯುವ ಆಸೆಯಿದ್ದರೆ ಆಧಾರದ ದಾಖಲೆ ಕೈಯಲ್ಲಿರಬೇಕು, ಎಎಸ್‌ಸಿಐಗೆ (ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿ) ದೂರು ಹೋದರೆ ಮೊದಲು ಕೇಳುವುದು ಅದನ್ನೇ.

ಇನ್ನೊಂದು ಕೆಲಸ ಜಾಹೀರಾತು ಹೊರಡುವ ಮೊದಲೇ ಆಗಬೇಕು. ಹೆಸರು ನೆನಪಿನ ಪ್ರಶ್ನೆಯನ್ನು ಮುಂಚೆ ಒಮ್ಮೆ, ಆರು ವಾರದ ನಂತರ ಒಮ್ಮೆ, ಅದೇ ಕ್ರಮದಲ್ಲಿ ಕೇಳಿ. ಪುಡಿ ಮಾರಾಟಕ್ಕಿದ್ದೂ ಜಾಹೀರಾತು ಇಲ್ಲದ ಊರೊಂದರಲ್ಲೂ ಕೇಳಿ. ನಡುವೆ ದಸರಾ, ದೀಪಾವಳಿ ಬಾರದಂತೆ ದಿನ ನೋಡಿಕೊಳ್ಳಿ, ಆ ಹೋಲಿಕೆಯ ಊರಿನ ಅಂಗಡಿಗಳಿಗೆ ಅಷ್ಟು ದಿನ ಯಾವ ಸ್ಕೀಮೂ ಕೊಡಬಾರದೆಂದು ಮಾರಾಟದವರಿಗೆ ಬರೆದು ತಿಳಿಸಿ.