ಅಲೆಯ ನೆತ್ತಿ ಚಪ್ಪಟೆಯಾಗುವ ಮುಂಚೆ ನಿಲ್ಲಿಸಿ: ಕಾರ್ ಆಂಪ್ಲಿಫೈಯರ್‌ಗೆ ಗೇನ್ ಇಡುವುದು ಹೇಗೆ?

ನನ್ನ ಕಾರಿನ ಮೊದಲ ಜೋಡಿ ಟ್ವೀಟರ್ (ಕೀರಲು ಸ್ವರದ ಸಣ್ಣ ಸ್ಪೀಕರ್) ಸುಟ್ಟುಹೋಗಲು ನಾನು ಜೋರಾಗಿ ಹಾಡು ಹಾಕಿದ್ದು ಕಾರಣವಲ್ಲ. ಆಂಪ್ಲಿಫೈಯರ್ ಕೂರಿಸಿದವರು ಗೇನ್ ತಿರುಪನ್ನು ಅಂದಾಜಿನಲ್ಲಿ ಮುಕ್ಕಾಲು ತಿರುಗಿಸಿ, ‘ಈಗ ಕೇಳಿ ಸಾರ್, ಹೆಂಗೆ ಬಡಿಯುತ್ತೆ’ ಅಂದಿದ್ದರು. ಬಡಿಯಿತು. ಮೂರೇ ವಾರ.

ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೊ ಕಳಿಸುವ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು ಅದು. ಕೆಲವು ಸ್ಟೀರಿಯೊಗಳಲ್ಲಿ ಆಂಪ್ಲಿಫೈಯರಿಗೆ ಸಿಗ್ನಲ್ ಒಯ್ಯುವ ಆರ್‌ಸಿಎ ಪಿನ್ನಿನಲ್ಲಿ 2 ವೋಲ್ಟ್ ಬರುತ್ತದೆ, ಕೆಲವದರಲ್ಲಿ 4 ಅಥವಾ 5. ಗೇನ್ ಜಾಸ್ತಿಯಾದರೆ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿ ಅಲೆಯ ನೆತ್ತಿಯನ್ನೇ ಕತ್ತರಿಸುತ್ತದೆ. ಇದೇ ಕ್ಲಿಪ್ಪಿಂಗ್. ದುಂಡಗಿನ ಅಲೆ ಪೂರ್ತಿ ಚೌಕವಾದರೆ, ಎತ್ತರ ಅಷ್ಟೇ ಇದ್ದರೂ ಸ್ಪೀಕರಿಗೆ ಹೋಗುವ ಪವರ್ ಎರಡು ಪಟ್ಟು. ಶುರುವಿನ ಕ್ಲಿಪ್ಪಿಂಗ್ ಕಿವಿಗೆ ಸುಲಭಕ್ಕೆ ಸಿಗುವುದಿಲ್ಲ, ಬೇಸ್‌ನಲ್ಲಂತೂ ಇನ್ನೂ ಕಷ್ಟ. ಸಿಗ್ನಲ್ಲಿನ ಅಲೆಯನ್ನು ಚಿತ್ರವಾಗಿ ತೋರಿಸುವ ಆಸಿಲ್ಲೋಸ್ಕೋಪ್ ಪರದೆಯಲ್ಲಿ ಮಾತ್ರ ಥಟ್ಟನೆ ಕಾಣುತ್ತದೆ.

ಬ್ಯಾಟರಿಯಲ್ಲಿ ಓಡುವ ಕೈಹಿಡಿ ಸ್ಕೋಪ್ ಸಾಕು. ಸಾಕು ಅನ್ನುವುದಕ್ಕಿಂತ ಅದೇ ಒಳ್ಳೆಯದು. ಗೋಡೆಯ ಪ್ಲಗ್ಗಿಗೆ ಹಾಕುವ ಸ್ಕೋಪಿನ ನೆಲದ (ಗ್ರೌಂಡ್) ಕ್ಲಿಪ್ಪು ಅರ್ಥ್‌ಗೆ ಸೇರಿರುತ್ತದೆ. ಬ್ರಿಜ್ ಮಾಡಿದ, ಅಂದರೆ ಎರಡು ಚಾನೆಲ್ ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟ ಆಂಪ್ಲಿಫೈಯರಿನ ಮೈನಸ್ ತುದಿ ನೆಲವಲ್ಲ, ಅಲ್ಲೂ ಸಿಗ್ನಲ್ ಇರುತ್ತದೆ. ಎರಡನ್ನೂ ಸೇರಿಸಿದರೆ ಆಂಪ್ಲಿಫೈಯರ್ ಹೋಗಬಹುದು.

ಮೊದಲು ಸ್ಪೀಕರ್ ವೈರ್‌ಗಳನ್ನು ಬಿಚ್ಚಿ. ಸ್ಟೀರಿಯೊದಲ್ಲಿ ಈಕ್ವಲೈಸರ್ ಸೊನ್ನೆಗೆ ತನ್ನಿ. ಲೌಡ್‌ನೆಸ್, ಬೇಸ್ ಬೂಸ್ಟ್ ಎಲ್ಲ ಆಫ್. ಆಂಪ್ಲಿಫೈಯರಿನ ಫಿಲ್ಟರ್‌ಗಳೂ ಆಫ್, ಗೇನ್ ಪೂರ್ತಿ ಕೆಳಗೆ. ಎಂಜಿನ್ ಓಡುತ್ತಿರಲಿ, ಆಗ ಸುಮಾರು 14 ವೋಲ್ಟ್ ಸಿಗುತ್ತದೆ. ಆದರೆ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಬೇಡವೇ ಬೇಡ, ಹೊಗೆ ಜೀವಕ್ಕೆ ಅಪಾಯ.

ಈಗ ಹೆಚ್ಚಿನವರು ಬಿಟ್ಟುಬಿಡುವ ಕೆಲಸ: ಸ್ಟೀರಿಯೊ ಎಲ್ಲಿ ಕ್ಲಿಪ್ ಆಗುತ್ತದೆ ಎಂದು ಹುಡುಕುವುದು. ಸಬ್‌ವೂಫರಿಗೆ (ಬೇಸ್ ಸ್ಪೀಕರ್) 40 ಹರ್ಟ್ಸ್, ಉಳಿದ ಸ್ಪೀಕರ್‌ಗಳಿಗೆ 1 ಕಿಲೋಹರ್ಟ್ಸ್‌ನ 0 ಡೆಸಿಬೆಲ್ (ರೆಕಾರ್ಡಿಂಗ್‌ನಲ್ಲಿ ಸಾಧ್ಯವಾದ ಗರಿಷ್ಠ ಮಟ್ಟ) ಟೆಸ್ಟ್ ಟೋನ್ ಹಾಕಿ. ಆರ್‌ಸಿಎ ಕೇಬಲನ್ನು ಆಂಪ್ಲಿಫೈಯರಿನಿಂದ ಕಳಚಿ, ಸ್ಕೋಪಿನ ಪ್ರೋಬ್ (ಅಳೆಯುವ ಕಡ್ಡಿ) ತುದಿಯನ್ನು ಅದರ ನಡುವಿನ ಪಿನ್ನಿಗೂ, ಕ್ಲಿಪ್ಪನ್ನು ಹೊರಗಿನ ಬಳೆಗೂ ಮುಟ್ಟಿಸಿ. 40 ಹರ್ಟ್ಸ್ ಅಲೆಗೆ ಒಂದು ಮನೆಗೆ (ಪರದೆಯ ಒಂದು ಚೌಕಕ್ಕೆ) 5 ಮಿಲಿಸೆಕೆಂಡ್ ಇಟ್ಟರೆ ಹತ್ತು ಮನೆಗಳ ಪರದೆಯಲ್ಲಿ ಎರಡು ಅಲೆ ಕಾಣುತ್ತವೆ. ವಾಲ್ಯೂಮನ್ನು ಒಂದೊಂದೇ ಅಂಕಿ ಏರಿಸಿ. ನೆತ್ತಿಯೋ ಬುಡವೋ, ಯಾವುದಾದರೂ ಒಂದು ಕಡೆ ಚಪ್ಪಟೆಯಾದರೆ ಸಾಕು, ಎರಡು ಅಂಕಿ ಹಿಂದೆ ಬನ್ನಿ. ಆ ಅಂಕಿಯನ್ನು ಬರೆದಿಡಿ. ಇನ್ನು ಮುಂದೆ ಅದೇ ನಿಮ್ಮ ಗರಿಷ್ಠ ವಾಲ್ಯೂಮ್.

ಇಲ್ಲೊಂದು ಮೋಸವಿದೆ. ಸ್ಟೀರಿಯೊದಲ್ಲೇ ಕ್ಲಿಪ್ ಆದ ಅಲೆ ಆಂಪ್ಲಿಫೈಯರಿನ ಲೋ ಪಾಸ್ ಫಿಲ್ಟರ್ (ಬೇಸ್ ಮಾತ್ರ ಬಿಡುವ ಜರಡಿ) ದಾಟಿದರೆ ಮತ್ತೆ ದುಂಡಗೆ ಕಾಣಬಹುದು. ಫಿಲ್ಟರ್ ಆಫ್ ಮಾಡಿ ಅಂದದ್ದು ಅದಕ್ಕೇ.

ವಾಲ್ಯೂಮ್ ಅಲ್ಲೇ ಇರಲಿ. ಆರ್‌ಸಿಎ ಕೇಬಲ್ ಮತ್ತೆ ಹಾಕಿ, ಪ್ರೋಬನ್ನು 10 ಪಟ್ಟಿಗೆ (ಸಿಗ್ನಲನ್ನು ಹತ್ತನೇ ಒಂದಕ್ಕೆ ಇಳಿಸುವ 10X) ಬದಲಿಸಿ, ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಿಗೆ ಹಿಡಿಯಿರಿ. ಗೇನನ್ನು ಸಣ್ಣ ಸ್ಕ್ರೂಡ್ರೈವರಿನಿಂದ ನಿಧಾನವಾಗಿ ಏರಿಸಿ. ಚಪ್ಪಟೆಯಾದ ಕೂಡಲೇ ಇಳಿಸಿ, ಮತ್ತೆ ದುಂಡಗಾದ ಮೇಲೂ ಒಂದಿಷ್ಟು ಇಳಿಸಿ. ಸ್ಪೀಕರ್ ಸೇರಿಸಿದಾಗ ಭಾರ ಬೀಳುತ್ತದೆ, ಆಗ ಕ್ಲಿಪ್ಪಿಂಗ್ ಸ್ವಲ್ಪ ಬೇಗನೇ ಬರುತ್ತದೆ.

ಆಂಪ್ಲಿಫೈಯರ್ ಸ್ಪೀಕರಿಗಿಂತ ಜೋರಾಗಿದ್ದರೆ? ಆಗ ಕ್ಲಿಪ್ ಆಗುವವರೆಗೂ ಹೋಗಬೇಡಿ. 100 ವ್ಯಾಟ್, 4 ಓಮ್ ಸ್ಪೀಕರ್ ಎಂದುಕೊಳ್ಳಿ. ವ್ಯಾಟನ್ನು ಓಮ್‌ನಿಂದ ಗುಣಿಸಿದರೆ 400, ಅದರ ವರ್ಗಮೂಲ 20 ವೋಲ್ಟ್. ಇದು ಮೀಟರ್ ತೋರಿಸುವ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಲೆಕ್ಕ. ಪರದೆಯಲ್ಲಿ ನೆತ್ತಿಯಿಂದ ಬುಡದವರೆಗೆ ಅಳೆದರೆ ಸುಮಾರು 57 ವೋಲ್ಟ್. ಅಲ್ಲಿಗೆ ನಿಲ್ಲಿಸಿ. ವೇಗವಾಗಿ ಆನ್-ಆಫ್ ಆಗುತ್ತ ಕೆಲಸ ಮಾಡುವ ಕ್ಲಾಸ್ ಡಿ ಆಂಪ್ಲಿಫೈಯರಾದರೆ ಗೆರೆ ಸ್ವಲ್ಪ ದಪ್ಪಗೆ, ರೋಮ ಬಂದ ಹಾಗೆ ಕಾಣುತ್ತದೆ. ಅದು ಸ್ವಿಚಿಂಗ್ ಗದ್ದಲ, ಗಾಬರಿ ಬೇಡ.

ಎಲ್ಲ ಆಫ್ ಮಾಡಿ ಸ್ಪೀಕರ್ ಜೋಡಿಸಿ, ಫಿಲ್ಟರ್‌ಗಳನ್ನು ಮತ್ತೆ ಆನ್ ಮಾಡಿ. ಹಾಡು ಹಾಕಿದಾಗ ಸೌಂಡ್ ಮೊದಲಿಗಿಂತ ಕಮ್ಮಿ ಅನ್ನಿಸಬಹುದು. ಎಷ್ಟೋ ಹಾಡುಗಳು 0 ಡೆಸಿಬೆಲ್‌ ಟೋನಿನಷ್ಟು ಜೋರಾಗಿ ರೆಕಾರ್ಡ್ ಆಗಿರುವುದಿಲ್ಲ, ಅಲ್ವಾ? ತೀರಾ ಕಮ್ಮಿಯಾದರೆ ಆಂಪ್ಲಿಫೈಯರ್ ಹಂತವನ್ನು ಮಾತ್ರ ಮೈನಸ್ 5 ಡೆಸಿಬೆಲ್ ಟೋನಿನಲ್ಲಿ ಮತ್ತೆ ಮಾಡಿ. ನಾನು 0 ಡೆಸಿಬೆಲ್ ಬಿಟ್ಟು ಕದಲಿಲ್ಲ. ವಾಲ್ಯೂಮ್ ಅಂಕಿಯನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇನೆ. ಮನೆಯಲ್ಲಿ ಕಾರು ಓಡಿಸುವ ಮಗಳೂ ಇದ್ದಾಳೆ ನೋಡಿ.