ಡಿಎ ಇಡೋದಾ, ಎಲ್‌ಪಿಜಿ ಇಡೋದಾ: ಕಟಿಂಗ್ ಸೆಟ್ ಕೊಳ್ಳೋರಿಗೆ

ಪಾಂಡವಪುರದ ಸುತ್ತ ಹೊಸದಾಗಿ ಶೆಡ್ ಹಾಕಿದ ಹುಡುಗರು ನನ್ನ ಹತ್ತಿರ ಬಂದರೆ ಮೊದಲು ಕೇಳೋದು ಒಂದೇ. "ಅಣ್ಣ, ಡಿಎ ಇಡ್ಲಾ, ಎಲ್‌ಪಿಜಿ ಇಡ್ಲಾ?" ಡಿಎ ಅಂದರೆ ಅಸಿಟಿಲೀನ್ ಅನಿಲ, ಎಲ್‌ಪಿಜಿ ನಮ್ಮ ಒಲೆ ಗ್ಯಾಸೇ; ಕಬ್ಬಿಣ ಕೊಯ್ಯುವ ಸೆಟ್‌ನಲ್ಲಿ ಆಕ್ಸಿಜನ್ ಜೊತೆ ಇವೆರಡರಲ್ಲಿ ಒಂದನ್ನು ಉರಿಸ್ತೀವಿ. ನಾನು ತಿರುಗಿಸಿ ಕೇಳ್ತೀನಿ: "ಏನ್ ಕುಯ್ತೀಯಪ್ಪ?" ಅರ್ಧ ಜನಕ್ಕೆ ಅದಕ್ಕೆ ಉತ್ತರ ಗೊತ್ತಿರೋದಿಲ್ಲ. ಯಾರದೋ ಶೆಡ್‌ನಲ್ಲಿ ನೋಡಿದ್ದನ್ನೇ ತರೋಣ ಅಂತ ಹೊರಟಿರ್ತಾರೆ.

ಬನ್ನಿಮಂಟಪದ ಒಂದು ವರ್ಕ್‌ಶಾಪ್‌ನಲ್ಲಿ ನಾನು ಕೆಲಸ ಕಲಿಯುವಾಗ ನಮ್ಮ ಮೇಸ್ತ್ರಿ ಮೊದಲ ದಿನವೇ ಒಂದು ಮಾತು ಹೇಳಿದ್ದರು: "ಗ್ಯಾಸು ಒಲೆ ಹೊತ್ಸೋಕೆ ಕಣ್ಲಾ. ಕುಯ್ಯೋದು ಆಕ್ಸಿಜನ್ನು." ಕಬ್ಬಿಣ ಸುಮಾರು 900 ಡಿಗ್ರಿಗೆ ಕಾದಾಗ ಅದರ ಮೇಲೆ ಶುದ್ಧ ಆಕ್ಸಿಜನ್ ಬಿಟ್ಟರೆ ಕಬ್ಬಿಣವೇ ಕಟ್ಟಿಗೆ ಥರ ಉರಿಯುತ್ತೆ. ಉರಿದ ಕಿಟ್ಟ ಕಬ್ಬಿಣಕ್ಕಿಂತ ಕಡಿಮೆ ಬಿಸಿಗೇ ಕರಗೋದರಿಂದ ಆಕ್ಸಿಜನ್ ರಭಸಕ್ಕೆ ಕೆಳಗೆ ಹಾರಿಹೋಗುತ್ತೆ. ಗ್ಯಾಸ್ ಕಟಿಂಗ್ ಅಂದರೆ ಇಷ್ಟೇ. ಅದಕ್ಕೇ ಸ್ಟೇನ್‌ಲೆಸ್ ಕೊಯ್ಯೋಕೆ ಆಗೋದಿಲ್ಲ. ಅದರ ಕ್ರೋಮಿಯಂ ಕಿಟ್ಟ ಲೋಹಕ್ಕಿಂತ ಮೊದಲು ಕರಗೋದಿಲ್ಲ. ಅಲ್ಯೂಮಿನಿಯಂದೂ ಅದೇ ಕಥೆ. ಗಾಣದ ರೋಲರ್ ಬೀಡು ಕಬ್ಬಿಣದ್ದಾದರೆ ಅದನ್ನೂ ಕೊಯ್ಯೋಕೆ ಹೋಗಬೇಡಿ, ಒಳಗಿರೋ ಇಂಗಾಲ ಉರಿ ಹತ್ತೋಕೆ ಬಿಡೋದಿಲ್ಲ. ಬರೀ ಜಗಿದು ಹಾಕಿದ ಹಾಗೆ ಆಗುತ್ತೆ.

ಹಾಗಾಗಿ ಮೊದಲು ಆಕ್ಸಿಜನ್ ಕಡೆ ನೋಡಿ. 99.5 ಶೇಕಡ ಶುದ್ಧ ಇರಬೇಕು. ಅದರಲ್ಲಿ ಶೇಕಡ ಒಂದು ಇಳಿದರೂ ಕೊಯ್ಯುವ ವೇಗ ಕಾಲು ಭಾಗದಷ್ಟು ಬಿದ್ದುಹೋಗುತ್ತೆ. ಕಿಟ್ಟ ಅಂಟಿಕೊಳ್ಳುತ್ತಾ ಇದೆ, ಕೈ ನಿಧಾನ ಆಗ್ತಾ ಇದೆ ಅಂದಾಗ ಎಲ್ಲರೂ ಉರಿ ಅನಿಲವನ್ನು ಬೈಯ್ತಾರೆ, ನಾನು ಆಕ್ಸಿಜನ್ನಿನ ಕಪ್ಪು ಸಿಲಿಂಡರನ್ನು ಬದಲಿಸಿ ನೋಡ್ತೀನಿ.

ಈಗ ಡಿಎ, ಆ ಮರೂನ್ ಬಣ್ಣದ ಸಿಲಿಂಡರ್. ಉರಿ 3,100 ಡಿಗ್ರಿ ದಾಟುತ್ತೆ, ತೀರಾ ಬಿಸಿ ಒಳಗಿನ ಚೂಪು ಕೋನ್‌ನ ತುದಿಯಲ್ಲೇ ಇರುತ್ತೆ. ಇಟ್ಟ ಜಾಗ ಬೇಗ ಕೆಂಪಾಗುತ್ತೆ. ಪ್ಲೇಟ್ ನಡುವೆ ತೂತು ಹೊಡೆದು ಶುರು ಮಾಡುವ ಕೆಲಸ, ಸಣ್ಣ ಸಣ್ಣ ತುಂಡು ಕೊಯ್ಯುವ ಕೆಲಸ ಜಾಸ್ತಿ ಇದ್ದರೆ ಡಿಎ ಸುಖ. ಅದೇ ಸೆಟ್‌ನಲ್ಲಿ ಗ್ಯಾಸ್ ವೆಲ್ಡಿಂಗೂ ಆಗುತ್ತೆ. ಎಲ್‌ಪಿಜಿಯಲ್ಲಿ ಕಬ್ಬಿಣ ವೆಲ್ಡ್ ಮಾಡೋಕೆ ಆಗೋದಿಲ್ಲ, ಯಾರು ಏನೇ ಹೇಳಲಿ.

ಎಲ್‌ಪಿಜಿ ಉರಿ ಸುಮಾರು 2,800 ಡಿಗ್ರಿ. ಬಿಸಿ ಹೊರಗಿನ ಉರಿಯಲ್ಲಿ ಹರಡಿಕೊಂಡಿರುತ್ತೆ, ಶುರುವಿಗೆ ಒಂದಷ್ಟು ಹೊತ್ತು ಕಾಯಬೇಕು. ಆದರೆ ಒಂದು ಸಲ ಹತ್ತಿತು ಅಂದರೆ ಓಟದಲ್ಲಿ ದೊಡ್ಡ ವ್ಯತ್ಯಾಸ ಕಾಣೋದಿಲ್ಲ, ಮೇಲಿನ ಅಂಚು ದುಂಡಗಾಗೋದೂ ಕಡಿಮೆ. ಉದ್ದುದ್ದ ಕೊಯ್ಯುವ ಟ್ರೈಲರ್ ಚಾಸಿ, ಗುಜರಿ, ಹಳೇ ಗಾಣದ ಚೌಕಟ್ಟು, ಇದಕ್ಕೆಲ್ಲ ನಾನು ಎಲ್‌ಪಿಜಿಯನ್ನೇ ಹಚ್ಚೋದು. ಅಗ್ಗ ಅಂತ ಮಾತ್ರ ಕುಣಿಯಬೇಡಿ. ಬಿಸಿ ಮಾಡುವ ಉರಿಗೆ ಒಂದು ಪಾಲು ಡಿಎಗೆ ಒಂದಕ್ಕಿಂತ ಚೂರು ಹೆಚ್ಚು ಆಕ್ಸಿಜನ್ ಸಾಕು, ಎಲ್‌ಪಿಜಿಗೆ ನಾಲ್ಕು ಪಾಲಿಗೂ ಮೇಲೆ ಬೇಕು. ಗ್ಯಾಸಿನಲ್ಲಿ ಉಳಿಸಿದ ದುಡ್ಡು ಒಂದಷ್ಟು ಆಕ್ಸಿಜನ್‌ಗೆ ಹೋಗೇ ಹೋಗುತ್ತೆ. ತಗೊಳ್ಳುವಾಗ 19 ಕೆಜಿಯ ನೀಲಿ ಸಿಲಿಂಡರ್ ತಗೊಳ್ಳಿ. ಅಡುಗೆಮನೆಯ 14.2 ಕೆಜಿಯ ಕೆಂಪು ಸಿಲಿಂಡರನ್ನು ಶೆಡ್‌ಗೆ ತಂದರೆ ಅದು ಕಾನೂನಿಗೆ ವಿರುದ್ಧ. ಮನೆಯವರ ಬೈಗುಳ ಬೇರೆ.

ನಾನು ಎಡವಿದ್ದು ಗ್ಯಾಸಿನಲ್ಲಲ್ಲ, ಕಟರ್ ತುದಿಯಲ್ಲಿ ಉರಿ ಬರುವ ನಾಜಲ್‌ನಲ್ಲಿ. ಡಿಎಯಿಂದ ಎಲ್‌ಪಿಜಿಗೆ ಬಂದ ವರ್ಷ ಕಟರ್ ಅದೇ ಇರಲಿ ಅಂತ ಹಳೇ ನಾಜಲ್ಲನ್ನೇ ಬಿಟ್ಟೆ. ಅಂಗಡಿಯವನೂ "ಆಯ್ತದೆ ಬುಡಿ" ಅಂದ. ಕಬ್ಬಿನ ಟ್ರೈಲರ್ ಒಂದರ ಚಾಸಿ ಕೊಯ್ಯಲು ನಿಂತರೆ ಉರಿ ನಾಜಲ್ ತುದಿಯಿಂದ ಎದ್ದು ಎದ್ದು ಆರಿಹೋಗೋದು. ಇಡೀ ದಿನ ಹೋಯ್ತು. ಟ್ರೈಲರಿನ ರೈತ ಕಾರ್ಖಾನೆಯ ಸರದಿ ತಪ್ಪುತ್ತೆ ಅಂತ ಶೆಡ್ ಬಾಗಿಲಲ್ಲೇ ಕೂತಿದ್ದ. ಆಮೇಲೆ ಗೊತ್ತಾಗಿದ್ದು: ಎಲ್‌ಪಿಜಿ ಉರಿ ನಿಧಾನದ್ದು, ಅದಕ್ಕೆ ತಂಗೋಕೆ ಜಾಗ ಬೇಕು. ಡಿಎ ನಾಜಲ್ ಒಂದೇ ತುಂಡು, ತುದಿ ಸಮತಟ್ಟು. ಎಲ್‌ಪಿಜಿಯದ್ದು ಎರಡು ತುಂಡು. ಒಳಗಿನ ತುಂಡಿನ ಮೈಮೇಲೆ ಉದ್ದ ಗೀರುಗಳಿರುತ್ತವೆ, ಅದು ತುದಿಯಿಂದ ಸ್ವಲ್ಪ ಒಳಕ್ಕೆ ಕೂತಿರುತ್ತೆ. ಆ ಗುಳಿಯಲ್ಲಿ ಉರಿ ನಿಲ್ಲುತ್ತೆ. ಅಂಗಡಿಯಲ್ಲಿ ಎ ಟೈಪ್ ಅಂದರೆ ಡಿಎಗೆ, ಬಿ ಟೈಪ್ ಅಂದರೆ ಎಲ್‌ಪಿಜಿಗೆ. ತಿರುಗುಮುರುಗು ಮಾಡಿ ಬಿ ಟೈಪ್‌ಗೆ ಡಿಎ ಕೊಟ್ಟರೆ ಇನ್ನೂ ಕೆಟ್ಟದು, ಉರಿ ಒಳಕ್ಕೆ ಹೊಡೆಯುತ್ತೆ.

ನಾಜಲ್ ಸೈಜು? 6 ಮಿಲಿಮೀಟರ್ ದಪ್ಪದ ಪ್ಲೇಟ್‌ವರೆಗೆ 1/32 ಇಂಚು, ಅಲ್ಲಿಂದ 25 ಮಿಲಿಮೀಟರ್‌ವರೆಗೆ 3/64, ಅದರ ಮೇಲೆ 1/16. ನಮ್ಮ ಕಡೆ ಮೊದಲ ಎರಡರಲ್ಲೇ ವರ್ಷ ಕಳೆಯುತ್ತೆ. ದೊಡ್ಡ ನಾಜಲ್ ಹಾಕಿದರೆ ಬೇಗ ಕೊಯ್ಯುತ್ತೆ ಅನ್ನೋದು ಸುಳ್ಳು, ಆಕ್ಸಿಜನ್ ಖಾಲಿಯಾಗುತ್ತೆ ಅಷ್ಟೇ.

ರೆಗ್ಯುಲೇಟರ್ ವಿಷಯದಲ್ಲಿ ಒಲೆಯ ರೆಗ್ಯುಲೇಟರ್ ತಂದು ಸಿಕ್ಕಿಸಿದವರನ್ನು ಕಂಡಿದ್ದೀನಿ. ಅದು ಕೊಡೋದು 30 ಮಿಲಿಬಾರ್, ಕಟರ್‌ಗೆ ಅದರ ಹತ್ತು ಪಟ್ಟಾದರೂ ಬೇಕು. ಎಲ್‌ಪಿಜಿಗೆ ಅಂತಲೇ ಮಾಡಿದ, ಒತ್ತಡ ಹೆಚ್ಚುಕಡಿಮೆ ಮಾಡಲು ಬರುವ ರೆಗ್ಯುಲೇಟರ್ ಕೇಳಿ. ಪೈಪೂ ಅಷ್ಟೆ, ಡಿಎಗೆ ಮಾತ್ರ ಅಂತ ಮಾಡಿದ ರಬ್ಬರ್ ಎಲ್‌ಪಿಜಿ ತಾಗಿ ಊದಿ ಬಿರಿಯುತ್ತೆ. ಗ್ಯಾಸಿನ ನಟ್ಟು ಎಡಕ್ಕೆ ತಿರುಗಿಸಿದರೆ ಬಿಗಿ, ಆಕ್ಸಿಜನ್ನಿನದು ಬಲಕ್ಕೆ. ಬಿಗಿಯಾಗ್ತಿಲ್ಲ ಅಂತ ಎಣ್ಣೆ ಹಾಕೀರಿ ಜೋಕೆ. ಆಕ್ಸಿಜನ್ ಕಡೆ ಕೊಬ್ಬರಿ ಎಣ್ಣೆ ಮೆತ್ತಿದ ಕೈ ಕೂಡ ಬೇಡ. ಎರಡೂ ಪೈಪಿಗೆ ಫ್ಲಾಶ್‌ಬ್ಯಾಕ್ ಅರೆಸ್ಟರ್, ಅಂದರೆ ಉರಿ ಒಳಕ್ಕೆ ಹೊಡೆದರೆ ತಡೆಯುವ ಸಾಧನ, ಹಾಕಿಸಿ. ಹೊಸ ಸೆಟ್‌ನಲ್ಲಿ ಎಲ್ಲರೂ ಬಿಡೋದು ಇದನ್ನೇ. ನಾನಾದರೆ ಕಟರ್ ಸೆಕೆಂಡ್ ಹ್ಯಾಂಡ್ ತಂದೇನು, ಅರೆಸ್ಟರ್ ಮಾತ್ರ ಹೊಸದು.

ಡಿಎ ಇಟ್ಟವರಿಗೆ ಇನ್ನೆರಡು ಮಾತು. ಒತ್ತಡದ ಮೀಟರ್ 15 ಪಿಎಸ್‌ಐ ದಾಟಬಾರದು, ಅದರ ಮೇಲೆ ಅಸಿಟಿಲೀನ್ ತನ್ನಷ್ಟಕ್ಕೇ ಸಿಡಿಯಬಲ್ಲದು. ಸಿಲಿಂಡರ್ ಒಳಗೆ ಅಸಿಟೋನ್ ಇರೋದರಿಂದ ಮಲಗಿಸಿ ಬಳಸಬಾರದು, ಗಂಟೆಗೆ ಸಿಲಿಂಡರಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಎಳೆಯಬಾರದು. ಪೈಪ್ ಹರಿದಾಗ ತಾಮ್ರದ ಕೊಳವೆ ತುಂಡು ಹಾಕಿ ಜೋಡಿಸೋದಂತೂ ಬೇಡವೇ ಬೇಡ; ತಾಮ್ರಕ್ಕೂ ಅಸಿಟಿಲೀನ್‌ಗೂ ಸೇರಿ ಆಗುವ ವಸ್ತು ಸುಮ್ಮನೆ ತಟ್ಟಿದರೂ ಸಿಡಿಯುತ್ತೆ.

ಎಲ್‌ಪಿಜಿಯ ಅಪಾಯ ಬೇರೆ ಥರ. ಡಿಎ ಗಾಳಿಗಿಂತ ಹಗುರ, ಎಲ್‌ಪಿಜಿ ಗಾಳಿಯ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದ್ದೆಲ್ಲ ನೀರಿನ ಹಾಗೆ ತಗ್ಗಿಗೆ ಹರಿಯುತ್ತೆ. ನಮ್ಮ ಮಂಡ್ಯದ ಕಡೆ ತಗ್ಗು ಅಂದರೆ ಆಲೆಮನೆ ಒಲೆಯ ಗುಂಡಿ. ಗಾಣದ ರಿಪೇರಿಗೆ ಹೋದಾಗ ನಾನು ಸಿಲಿಂಡರನ್ನು ಗುಂಡಿಯ ಹತ್ತಿರ ಇಳಿಸೋದೇ ಇಲ್ಲ. ಎತ್ತರದಲ್ಲಿ, ಗಾಳಿ ಬರುವ ಕಡೆ ನೆಟ್ಟಗೆ ನಿಲ್ಲಿಸಿ ಸರಪಳಿ ಕಟ್ತೀನಿ. ಆಮೇಲೆ ಪ್ರತಿ ಜೋಡಣೆಗೂ ಸೋಪಿನ ನೊರೆ, ಗುಳ್ಳೆ ಎದ್ದರೆ ಅಲ್ಲಿಗೆ ಕೆಲಸ ಬಂದ್. ಕೊಪ್ಪರಿಗೆ ಕೆಳಗಿನ ಒಲೆ ಪೂರ್ತಿ ಆರಿದೆಯಾ ಅಂತ ಬೂದಿ ಕೆದಕಿಯೇ ನೋಡೋದು. ಮಾಲೀಕ "ನೆನ್ನೆನೇ ಆರ್ಸಿದ್ದೀವಿ" ಅಂದರೂ ಸರಿ. ಒಣಗಿದ ಕಬ್ಬಿನ ಸಿಪ್ಪೆಯ ರಾಶಿಯನ್ನು ಕಿಡಿ ಹಾರುವಷ್ಟು ದೂರ ಎಳೆಸಿ, ನೆಲಕ್ಕೆ ಎರಡು ಬಿಂದಿಗೆ ನೀರು ಹುಯ್ಯಿಸಿ, ಆಮೇಲೆಯೇ ಲೈಟರ್ ಜೇಬಿನಿಂದ ಹೊರಗೆ ಬರೋದು.