ಹೆಣ ಸಿಗದ ಎಮ್ಮೆಗೆ ಪರಿಹಾರ ಪಡೆದದ್ದು

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಮುಧೋಳ ತಾಲ್ಲೂಕಿನ ನಮ್ಮ ಊರು ಅರ್ಧ ಮುಳುಗಿತು. ಹಿಡಕಲ್ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಮೊದಲೇ ಬಂದಿತ್ತು. ಹಿತ್ತಿಲವರೆಗೆ ಬಂದು ಇಳಿಯುತ್ತದೆ ಎಂದುಕೊಂಡದ್ದು ನನ್ನದೇ ತಪ್ಪು. ನಡುರಾತ್ರಿ ಎತ್ತನ್ನೂ ಕರುವನ್ನೂ ದಿಬ್ಬಕ್ಕೆ ಅಟ್ಟಿ ಮರಳುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಎದೆಮಟ್ಟ ನೀರು. ಒಂದು ಎಮ್ಮೆ ಕಟ್ಟಿದಲ್ಲೇ ಸತ್ತಿತು. ಇನ್ನೊಂದು ಹಗ್ಗ ಹರಿದುಕೊಂಡು ಈಜಿತು, ಸೆಳವಿಗೆ ಸಿಕ್ಕಿ ಹೋಯಿತು.

ನೀರು ಇಳಿದ ಮೇಲೆ ಹೆಣ ನಾರುತ್ತಿತ್ತು. ಹೂಳಿಬಿಡು ಎಂದು ಓಣಿಯವರೆಲ್ಲ ಹೇಳಿದರು. ಅವ್ವ ಮಾತ್ರ, "ಡಾಕ್ಟರು ನೋಡುವವರೆಗೆ ಮಣ್ಣು ಹಾಕಬೇಡ" ಎಂದಳು. ಪಶುವೈದ್ಯರಿಗೆ ಫೋನ್ ಮಾಡಿ, ಅವರು ಬರುವುದರೊಳಗೆ ಎಮ್ಮೆಯ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿಗಳೂ ಕಾಣುವಂತೆ ಫೋಟೊ ತೆಗೆದಿಟ್ಟೆ. ಮರಣೋತ್ತರ ಪರೀಕ್ಷೆಯಾಯಿತು, ಗ್ರಾಮ ಲೆಕ್ಕಿಗರ ಮುಂದೆ ಪಂಚನಾಮೆಯಾಯಿತು, ನೆರೆಯ ಇಬ್ಬರು ಸಹಿ ಹಾಕಿದರು. ಆ ಎಮ್ಮೆಯ ಕೆಲಸ ಅಷ್ಟಕ್ಕೆ ಮುಗಿಯಿತು.

ಕಷ್ಟವಾದದ್ದು ಇನ್ನೊಂದರದು. "ಹೆಣವೇ ಇಲ್ಲ, ಎಮ್ಮೆ ಇತ್ತೆಂದು ಹೇಗೆ ಬರೆಯಲಿ?" ಎಂದು ಸಮೀಕ್ಷೆಗೆ ಬಂದವರು ಕೇಳಿದರು. ಸಿಟ್ಟು ಬಂತು. ಆದರೆ ಹಿಂದಿನ ವರ್ಷ ಸಂತೆಯಲ್ಲಿ ಮಾರಿದ ಎಮ್ಮೆಯನ್ನೂ ಹೊಳೆಯ ಪಾಲಾಯಿತೆಂದು ಬರೆಸಲು ಹೊರಟವರು ನಮ್ಮೂರಿನಲ್ಲೇ ಇದ್ದರು. ಹಾಗಾಗಿ ಸಮೀಕ್ಷೆಯವರ ಪ್ರಶ್ನೆಯನ್ನು ತಪ್ಪೆನ್ನಲಾರೆ.

ನನ್ನನ್ನು ಕಾಪಾಡಿದ್ದು ಹಾಲಿನ ಡೇರಿಯ ಪಾಸ್‌ಬುಕ್. ಅದೂ ನೆನೆದು ಮುದ್ದೆಯಾಗಿತ್ತು. ಗಂಜಿ ಕೇಂದ್ರದ ಒಲೆಯ ಬಳಿ ಕುಳಿತು ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದೆವು. ಜುಲೈ ಕೊನೆಯವರೆಗೂ ಎರಡು ಹೊತ್ತು ಹಾಕಿದ ಹಾಲು ಒಂದೇ ಎಮ್ಮೆಯದಾಗಿರಲು ಸಾಧ್ಯವಿಲ್ಲವೆಂದು ಅದನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಸಂಘದ ಕಾರ್ಯದರ್ಶಿ ಪತ್ರ ಕೊಟ್ಟರು. ಕಾಲುಬಾಯಿ ಬೇನೆಯ ಲಸಿಕೆ ಹಾಕಿದ ದಾಖಲೆಯಲ್ಲಿ ಎರಡೂ ಓಲೆಯ ಸಂಖ್ಯೆಗಳಿದ್ದವು. ಇವಿಷ್ಟನ್ನೂ ಅರ್ಜಿಗೆ ಲಗತ್ತಿಸಿ ತಹಶೀಲ್ದಾರ್ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಮುದ್ರೆಯಿಲ್ಲದೆ ಬಂದವರು ಮತ್ತೆ ಮತ್ತೆ ಅಲೆದದ್ದನ್ನು ನೋಡಿದ್ದೇನೆ.

ಆಗ ವಿಪತ್ತು ಪರಿಹಾರ ನಿಧಿಯ ದರ ಹಾಲು ಕೊಡುವ ಎಮ್ಮೆ, ಆಕಳಿಗೆ 30,000 ರೂಪಾಯಿ, ಎತ್ತಿಗೆ 25,000, ಕುರಿ, ಆಡಿಗೆ 3,000. 2022ರ ಪರಿಷ್ಕರಣೆಯಲ್ಲಿ ಎಮ್ಮೆಗೆ 37,500 ಆಯಿತು. ಎಷ್ಟೇ ಸತ್ತಿರಲಿ, ಒಂದು ಮನೆಗೆ ಹಾಲಿನ ದೊಡ್ಡ ಪ್ರಾಣಿಗಳಾದರೆ ಮೂರಕ್ಕೆ ಮಾತ್ರ ಹಣ. ಐದು ಕಳೆದುಕೊಂಡ ನನ್ನ ಗೆಳೆಯನಿಗೆ ಮೂರರದೇ ಬಂತು.

ಮಂಜೂರಾದ ನನ್ನ ಹಣ ಎಲ್ಲಿ ಹೋಯಿತೆಂದು ಹುಡುಕುವುದೇ ಇನ್ನೊಂದು ಕೆಲಸವಾಯಿತು. ಎಂದೋ ತೆರೆದು ಮರೆತಿದ್ದ ಖಾತೆಗೆ ಆಧಾರ್ ಜೋಡಣೆಯಾಗಿತ್ತು, ಹಣ ಅಲ್ಲಿ ತಣ್ಣಗೆ ಕುಳಿತಿತ್ತು. ಎರಡು ಎಮ್ಮೆಗಳ ಪರಿಹಾರಕ್ಕೆ ಕೈಯಿಂದಲೂ ಸೇರಿಸಿ ಒಂದು ಮುರ್ರಾ ಎಮ್ಮೆ ತಂದೆ. ಬಂದ ವಾರದಲ್ಲೇ ಅದಕ್ಕೆ ಓಲೆ ಹಾಕಿಸಿದೆ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಮಳೆಗಾಲದ ರಾತ್ರಿಗಳಲ್ಲಿ ಎಮ್ಮೆಯನ್ನು ತುದಿ ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕಿಯೇ ಕಟ್ಟುತ್ತೇನೆ.